ಹದಿನೆಂಟು ಮೀಟರ್ ಕೆಳಗೆ

ಜನವರಿ 9, ಗುರುವಾರ. ಬೆಳಿಗ್ಗೆ 5.40

ಕ್ಯಾಮೆರಾ ಪೆಟ್ಟಿಗೆಯ ರಬ್ಬರ್ ಉಂಗುರ ಬಿಚ್ಚಿ ಒರೆಸಿದೆ. ಗ್ರೀಸ್ ಹಚ್ಚಿದೆ. ಒಂದು ಕೂದಲೆಳೆ ಸಿಕ್ಕಿಕೊಂಡಿದ್ದರೂ ಸಾಕು, ಕೆಳಗೆ ಹೋದಾಗ ನೀರು ನುಗ್ಗಿ ಕ್ಯಾಮೆರಾ ಗೋವಿಂದ. ಎರಡು ಫ್ಲಾಶ್, ನಾಲ್ಕು ಬ್ಯಾಟರಿ. ಸರಿ.

ಶೆಡ್ಡಿನಲ್ಲಿ ಅಕ್ಕ ಕಂಪ್ರೆಸರ್ ಚಾಲೂ ಮಾಡಿದ್ದಾಳೆ. ಸಿಲಿಂಡರುಗಳಿಗೆ ಗಾಳಿ ತುಂಬುವುದು ಅವಳ ಕೆಲಸ. ದೋಣಿ ನಡೆಸುವುದು, ಟೂರಿಸ್ಟರನ್ನು ಸಮುದ್ರದೊಳಗೆ ಇಳಿಸುವುದು ಭಾವನದು. ಅವರ ಫೋಟೋ, ಮೀನುಗಳ ಫೋಟೋ — ನನ್ನದು. ಒಂದೇ ಮನೆ, ಒಂದೇ ದೋಣಿ, ನಾನು ಬಂದು ಏಳು ವರ್ಷ.

ನಿನ್ನೆ ಭಾವ ಒಂದು ಆಕ್ಟೋಪಸ್ಸನ್ನು ಬಿಲದಿಂದ ಎಳೆದ. ಅದು ಕಲ್ಲು ಬಿಡಲಿಲ್ಲ. ಇವನು ಬಿಡುತ್ತಾನೆಯೆ? ಒಂದು ತೋಳು ಬಿಲದಲ್ಲೇ ಉಳಿಯಿತು. ಉಳಿದದ್ದು ಮಸಿ ಕಾರಿಕೊಂಡು ಓಡಿತು. ಟೂರಿಸ್ಟರು ನೀರಿನೊಳಗೇ ಚಪ್ಪಾಳೆ ತಟ್ಟಿದರು. ಫೋಟೋ ಚೆನ್ನಾಗಿ ಬಂದಿದೆ. ಅದೇ ಬೇಸರ.

ಅಕ್ಕ ಇವತ್ತು ಕತ್ತಿನವರೆಗೆ ಗುಂಡಿ ಹಾಕಿದ ಅಂಗಿ ತೊಟ್ಟಿದ್ದಾಳೆ. ಈ ಸೆಖೆಯಲ್ಲಿ. ಕೇಳಿದರೆ ‘ಸಿಲಿಂಡರ್ ತಾಗ್ತು ಪುಟ್ಟಿ’ ಎನ್ನುತ್ತಾಳೆ. ನಮ್ಮ ಮನೆಯ ಸಿಲಿಂಡರುಗಳಿಗೆ ಐದು ಬೆರಳಿವೆ.

ಎದುರಿಗೆ ಭಾವನಿಗೆ ಬನ್ನಿ, ಹೋಗಿ. ಈ ಡೈರಿಯಲ್ಲಿ ಮಾತ್ರ ಏಕವಚನ. ಇದೊಂದು ಜಾಗವಾದರೂ ಇರಲಿ.

ಜನವರಿ 12, ಭಾನುವಾರ. ಮಧ್ಯಾಹ್ನ 3.15. ಆಸ್ಪತ್ರೆ

ಆಪರೇಷನ್ ಕೋಣೆಯ ಹೊರಗಿನ ಬೆಂಚು. ಅಕ್ಕ ಫಾರಂ ತುಂಬುತ್ತಿದ್ದಾಳೆ. ನನ್ನ ಕೂದಲಿನಿಂದ ಇನ್ನೂ ಉಪ್ಪುನೀರು ತೊಟ್ಟಿಕ್ಕುತ್ತಿದೆ.

ಇವತ್ತು ದೋಣಿಯಲ್ಲಿದ್ದ ಟೂರಿಸ್ಟ್ ಒಬ್ಬರೇ. ಹಲ್ಲಿನ ಡಾಕ್ಟರು. ಐವತ್ತು ದಾಟಿದ ವಯಸ್ಸು, ಹೊಸದಾಗಿ ಡೈವಿಂಗ್ ಕಲಿತ ಹುರುಪು. ಏನು ಕಂಡರೂ ಹೆಬ್ಬೆರಳು ಎತ್ತಿ ಸೂಪರ್ ಎನ್ನುವುದು. ನೀರಿನೊಳಗೆ ಅದರ ಅರ್ಥ ‘ಮೇಲೆ ಹೋಗೋಣ’. ಮೂರು ಸಲ ಭಾವ ಅವರನ್ನು ಮೇಲೆ ಕರೆದುಕೊಂಡು ಹೋಗಲು ಹೊರಟು ವಾಪಸ್ ಬಂದ. ಆಗಲೇ ಅವನ ತಲೆ ಕೆಟ್ಟಿತ್ತು.

ಹದಿನೆಂಟು ಮೀಟರ್ ಕೆಳಗೆ ಬಂಡೆ ಸಂದಿಯಲ್ಲಿ ದೊಡ್ಡಮ್ಮನ ಮನೆ. ದೊಡ್ಡಮ್ಮ ಎಂದರೆ ಹಾವುಮೀನು, ಹೆಸರು ನಾನಿಟ್ಟದ್ದು. ನನಗಿಂತ ಉದ್ದ. ಬಾಯಿ ತೆರೆದು ಮುಚ್ಚಿ ಉಸಿರಾಡುತ್ತಾಳೆ — ಸದಾ ಯಾರನ್ನೋ ಬೈದುಕೊಳ್ಳುತ್ತಿರುವ ಹಾಗೆ. ಭಾವ ಅವಳಿಗೆ ಸಾಸೇಜ್ ತುಂಡು ತಿನ್ನಿಸುತ್ತಾನೆ, ಟೂರಿಸ್ಟರಿಗೆ ಅದೇ ಷೋ. ಹಾವುಮೀನಿಗೆ ಕಣ್ಣು ಮಂದ, ಮೂಗು ಚುರುಕು ಎಂದು ಎಷ್ಟು ಸಲ ಹೇಳಿದ್ದೆ. ಸಾಸೇಜಿನ ವಾಸನೆ ಕೈಗೂ ಇತ್ತು. ಕೈಗೇ ಬಾಯಿ ಹಾಕಿದಳು.

ಮೊದಲು ಏನೂ ಆದಂತೆ ಕಾಣಲಿಲ್ಲ. ಆಮೇಲೆ ಅವನ ಕೈಯಿಂದ ಹಸಿರು ಹೊಗೆ ಎದ್ದಿತು. ಅಷ್ಟು ಆಳದಲ್ಲಿ ರಕ್ತ ಹಸಿರಾಗಿ ಕಾಣುತ್ತದೆ. ಫ್ಲಾಶ್ ಬಿದ್ದಾಗ ಕೆಂಪಾಯಿತು.

ಫ್ಲಾಶ್ ಹಾಕಿದವಳು ನಾನು. ಬೇಕೆಂದು ಅಲ್ಲ. ಬೆರಳು ತಾನಾಗಿ ಒತ್ತಿತು. ಆ ಬೆಳಕಿನಲ್ಲಿ ಭಾವ ತನ್ನ ಕೈ ನೋಡಲಿಲ್ಲ. ನನ್ನನ್ನು ನೋಡಿದ.

ದೋಣಿಯಲ್ಲಿ ಡಾಕ್ಟರೇ ಟವೆಲ್ ಬಿಗಿದು ಕಟ್ಟಿದರು. ‘ನಂದು ಹಲ್ಲಿನ ಡಿಪಾರ್ಟ್‌ಮೆಂಟು. ಹಲ್ಲು ಮಾಡಿರೋ ಕೆಲಸಾನೇ ತಾನೆ ಇದೂ’ ಎಂದರು. ಯಾರೂ ನಗಲಿಲ್ಲ.

ಬಲಗೈ ಹೆಬ್ಬೆರಳು. ಬುಡದಿಂದ.

ಜನವರಿ 14, ಮಂಗಳವಾರ. ಸಂಜೆ 6

ಭಾವ ಮನೆಗೆ ಬಂದ. ಚಪ್ಪಲಿ ಬಿಡುವ ಮೊದಲೇ —

‘ಏ ಕ್ಯಾಮೆರಾ. ಆ ಫೋಟೋ ತೋರ್ಸು.’

ತೋರಿಸಿದೆ. ಮಾಸ್ಕಿನ ಒಳಗೆ ಅವನ ಕಣ್ಣು. ಹೆದರಿ ಅರಳಿದ ಕಣ್ಣು, ಮಗುವಿನ ಹಾಗೆ. ಬೆರಳು ಹೋದದ್ದಕ್ಕಿಂತ ಅದು ಅವನಿಗೆ ಹೆಚ್ಚು ನೋವು ಕೊಟ್ಟಿತು.

‘ಅಳಿಸು.’

ಅಳಿಸಿದೆ.

‘ಅಕ್ಕ ತಂಗಿ ಕೂತ್ಕೊಂಡು ನೋಡಿ ನಕ್ಕಿದೀರ, ಅಲ್ವಾ?’

‘ಯಾರ್ ನಗ್ತಾರ್ರೀ? ಮಲ್ಕೊಳ್ಳಿ ಬನ್ನಿ’ ಎಂದು ಅಕ್ಕ ಅವನ ಭುಜ ಹಿಡಿದಳು. ಎಡಗೈಯಲ್ಲಿ ಬಾರಿಸಿದ. ಅವಳ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಕಿವಿಯಿಂದ ರಕ್ತ. ಬಲಗೈ ಹೋಯಿತಲ್ಲ, ಇನ್ನು ಕೆಲವು ದಿನವಾದರೂ… ಎಂದುಕೊಂಡಿದ್ದೆ. ಥೂ, ಎಂಥ ಲೆಕ್ಕಾಚಾರ ನನ್ನದು.

ಅಡುಗೆಮನೆಯಲ್ಲಿ ಐಸ್ ಒತ್ತುತ್ತ ಕೇಳಿದೆ, ‘ಎಷ್ಟು ದಿನ ಅಕ್ಕ?’

‘ಗಾಯ ಮಾಯೋ ತನಕ ಹಂಗೇ ಕಣೇ. ನೋವಿರುತ್ತಲ್ಲ.’

ಯಾರ ಗಾಯ ಎಂದು ಕೇಳಲಿಲ್ಲ.

ಜನವರಿ 31, ಶುಕ್ರವಾರ. ಬೆಳಿಗ್ಗೆ 7

ಎರಡು ವಾರ ಬರೆಯಲಿಲ್ಲ. ಬರೆಯುವಂಥದ್ದಲ್ಲ.

ದೊಡ್ಡಮ್ಮನಿಗೆಂದು ಭಾವ ಮೂರು ಮೊನೆಯ ಈಟಿ ತಂದಿದ್ದಾನೆ. ಅಂಗಳದಲ್ಲಿ ಕೂತು ಎಡಗೈಯಲ್ಲಿ ಮಸೆಯುತ್ತಿದ್ದಾನೆ. ನೀರಿಗಿಳಿಯಬೇಡ ಎಂದು ಆಸ್ಪತ್ರೆಯವರು ಹೇಳಿದ್ದರು. ಹೇಳಿದರೆ ಕೇಳುವ ಪ್ರಾಣಿಯೆ? ಅರ್ಧಕ್ಕೆ ನಿಂತ ಡೈವ್ ಮುಗಿಸಲು ಹಲ್ಲಿನ ಡಾಕ್ಟರು ಭಾನುವಾರ ಬರುತ್ತಾರಂತೆ. ‘ಅವ್ನು ಸಾಕ್ಷಿ ಇರ್ಲಿ. ಬೆರಳು ಹೋಗಿದ್ದು ನೋಡ್ದ, ಇದನ್ನೂ ನೋಡ್ಲಿ. ನೀನು ಫೋಟೋ ತೆಗಿ. ದೊಡ್ಡದು ಮಾಡ್ಸಿ ಗೋಡೆಗೆ ಹಾಕ್ತೀನಿ.’

‘ಭಾವ, ಅದ್ರದ್ದೇನು ತಪ್ಪು? ಬಿಟ್ಬಿಡಿ.’

ಈಟಿಯನ್ನು ನನ್ನ ಕಡೆ ತಿರುಗಿಸಿ ಮೊನೆ ನೋಡಿದ. ಮತ್ತೆ ಮಸೆಯತೊಡಗಿದ.

ಫೆಬ್ರವರಿ 2, ಭಾನುವಾರ. ಸಂಜೆ 5.30

ಆದದ್ದು ಆದಂತೆ ಬರೆಯುತ್ತೇನೆ.

ಒಂಬತ್ತೂವರೆಗೆ ಇಳಿದೆವು, ಡಾಕ್ಟರೂ ಸೇರಿ; ಅವರ ಹಣೆಗೆ ಟಾರ್ಚಿನಂಥ ಸಣ್ಣ ಡಬ್ಬಿ. ನೀರು ತಿಳಿಯಾಗಿತ್ತು. ದೊಡ್ಡಮ್ಮ ಸಂದಿಯಿಂದ ಅರ್ಧ ಹೊರಗೆ ಬಂದಳು — ಭಾವನ ವಾಸನೆ ಹಿಡಿದು, ಸಾಸೇಜಿನ ಆಸೆಗೆ. ತಲೆಯ ಹಿಂದೆ ಚುಚ್ಚಿದ. ಆಚೆ ಬದಿಗೆ ಮೊನೆ ಬಂತು. ಅವಳು ಈಟಿಗೆ ಸುತ್ತಿಕೊಂಡಳು. ತನ್ನನ್ನೇ ಗಂಟು ಹಾಕಿಕೊಂಡಳು, ಬಿಚ್ಚಿದಳು, ಮತ್ತೆ ಗಂಟು. ಅವನು ಬಂಡೆಗೆ ಅವಳ ತಲೆಯನ್ನು ಚಚ್ಚಿದ. ಒಂದು ಸಲವಲ್ಲ. ಸುತ್ತಲೂ ಹಸಿರು ಮೋಡ. ನನ್ನತ್ತ ತಿರುಗಿ ಸನ್ನೆ ಮಾಡಿದ: ತೆಗಿ, ತೆಗಿ.

ಕ್ಯಾಮೆರಾ ಎತ್ತಲಿಲ್ಲ. ಬಿಟ್ಟೆ, ಅದು ದಾರದಲ್ಲಿ ಜೋತಾಡಿತು. ಹೋಗಿ ಈಟಿ ಹಿಡಿದು ಎಳೆದೆ. ಬಿಡಿಸಿಕೊಂಡ ದೊಡ್ಡಮ್ಮ ಸಂದಿಗೆ ಜಾರಿದಳು. ಬದುಕುವ ಗಾಯವಲ್ಲ ಅದು. ಆದರೂ ತನ್ನ ಮನೆಯೊಳಗೆ ಹೋದಳು.

ಹಿಂದಿನಿಂದ ಕುತ್ತಿಗೆಗೆ ತೋಳು ಬಂತು. ಬೆನ್ನ ಮೇಲೆ ಸಿಲಿಂಡರಿನ ಗಾಳಿ ಮುಚ್ಚುವ ತಿರುಗಣೆ ಕಿರುಗುಟ್ಟಿತು. ಆ ಸದ್ದು ನನಗೆ ಗೊತ್ತು. ದಿನಾ ಅಕ್ಕ ತಿರುಗಿಸುವ ಸದ್ದು. ಒಂದು ಉಸಿರು ಸಿಕ್ಕಿತು. ಇನ್ನೊಂದು ಅರ್ಧ. ಆಮೇಲೆ ಇಟ್ಟಿಗೆ ಹೀರಿದಂತೆ — ಏನೂ ಇಲ್ಲ.

ಒದ್ದೆ. ಅವನ ಗಾಯದ ಕೈ ಕಚ್ಚಲು ನೋಡಿದೆ, ಬಾಯಿಗೆ ನೀರು. ಕಣ್ಣಂಚು ಕಪ್ಪಾಗುತ್ತ ಬಂತು. ಅಕ್ಕನಿಗೆ ಏನು ಹೇಳುತ್ತಾನೆ — ಅದೊಂದೇ ಯೋಚನೆ. ಕ್ಯಾಮೆರಾ ಹಿಂದೆ ಬಿದ್ದು ದಾರಿ ತಪ್ಪಿದಳು ಎನ್ನುತ್ತಾನೆ. ಅಕ್ಕ ನಂಬುತ್ತಾಳೆ. ನಂಬಲೇಬೇಕಲ್ಲ ಅವಳು.

ಯಾರೋ ಬಂದು ಢೀ ಕೊಟ್ಟರು. ಡಾಕ್ಟರು. ಈಜು ಸರಿಯಾಗಿ ಬಾರದ ಮನುಷ್ಯ, ಗೂಳಿಯ ಹಾಗೆ ನುಗ್ಗಿ ಭಾವನ ಮಾಸ್ಕ್ ಕಿತ್ತೆಸೆದರು. ಅವನ ಹಿಡಿತ ಸಡಿಲಿತು. ಅವರ ಬಳಿಯಿದ್ದ ಇನ್ನೊಂದು ಉಸಿರುನಳಿಕೆ, ಹಳದಿಯದು, ನನ್ನ ಬಾಯೊಳಗೆ. ಗಾಳಿ. ರಬ್ಬರ್ ವಾಸನೆಯ ಗಾಳಿ. ನನ್ನ ತಿರುಗಣೆ ತೆರೆದರು. ಆಮೇಲೆ ಹೆಬ್ಬೆರಳು ಎತ್ತಿದರು. ಈ ಸಲ ಸರಿಯಾದ ಅರ್ಥದಲ್ಲಿ.

ದೋಣಿಯಲ್ಲಿ ಭಾವ ನಗುತ್ತಿದ್ದ. ‘ಟ್ರೇನಿಂಗ್ ಸಾರ್. ಗಾಳಿ ನಿಂತ್ರೆ ಏನ್ ಮಾಡ್ತಾಳೆ ಅಂತ ನೋಡ್ತಿದ್ದೆ.’

ಡಾಕ್ಟರು ‘ಓಹೋ’ ಎಂದರಷ್ಟೆ. ಇಳಿಯುವಾಗ ಕೈ ಕುಲುಕುವ ನೆಪದಲ್ಲಿ ನನ್ನ ಅಂಗೈಗೆ ಉಗುರಿನಷ್ಟು ಸಣ್ಣ ಮೆಮೊರಿ ಕಾರ್ಡ್ ಒತ್ತಿದರು.

‘ನನ್ನ ಹಣೆ ಮೇಲಿತ್ತಲ್ಲ, ಅದೂ ಕ್ಯಾಮೆರಾನೇ ಮೇಡಂ. ಇಳಿಯುವಾಗ್ಲೇ ಆನ್ ಮಾಡಿದ್ದೆ. ನಂಬರ್ ಇದ್ಯಲ್ಲ? ಯಾವತ್ತು ಕರೆದ್ರೂ ಬಂದು ಹೇಳ್ತೀನಿ.’

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 11

ಭಾವ ಪೇಟೆಗೆ ಹೋಗಿದ್ದಾನೆ. ಶೆಡ್ಡಿನಲ್ಲಿ ಅಕ್ಕನಿಗೆ ವಿಡಿಯೋ ತೋರಿಸಿದೆ. ಕಂಪ್ರೆಸರ್ ಓಡುತ್ತಲೇ ಇತ್ತು. ಕೈಗೆ ಗ್ರೀಸ್ ಇದೆಯೆಂದು ಮೊಣಕೈಯಿಂದ ಒತ್ತಿ ಎರಡನೇ ಸಲ ನೋಡಿದಳು. ತಿರುಗಣೆ ಮುಚ್ಚುವ ಜಾಗದಲ್ಲಿ ನಿಲ್ಲಿಸಿದಳು.

‘ಇದು ನಾನು ತುಂಬಿದ ಸಿಲಿಂಡರು.’

‘ಹೂಂ.’

‘ನಾನು ತುಂಬಿದ ಗಾಳಿ ಕಣೇ ಅದು.’

ಕಂಪ್ರೆಸರ್ ಆಫ್ ಮಾಡಿದಳು. ಇಷ್ಟು ನಿಶ್ಶಬ್ದವಾಗಿ ನಮ್ಮ ಮನೆ ಇದ್ದದ್ದೇ ಇಲ್ಲ.

‘ನಾವು ಹೊರಟುಬಿಡೋಣ ಅಕ್ಕ. ಎರಡು ಬ್ಯಾಗು ಸಾಕು.’

‘ನಾವ್ಯಾಕೆ ಹೋಗ್ಬೇಕು? ಅವನ ಬಟ್ಟೆ ಕಟ್ಟು.’

ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವಳ ಬಾಯಲ್ಲಿ ಏಕವಚನ.

ಕಾರ್ಡಿನ ಪ್ರತಿ ಮಾಡಿ ಡಾಕ್ಟರಿಗೆ ಕಳಿಸಿದೆ. ಸ್ಟೇಷನ್ನಿಗೆ ಫೋನ್ ಮಾಡಿದೆ. ಸಂಜೆ ಬರುತ್ತೇವೆ ಎಂದರು. ನಾಲ್ಕು ಚೀಲ ಅಂಗಳಕ್ಕೆ ಹಾಕಿದ್ದೇವೆ. ಅವನು ನಾಲ್ಕಕ್ಕೆ ಬರುತ್ತಾನೆ.

ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ 10

ಅವತ್ತು ಪೊಲೀಸರಿಗಿಂತ ಮೊದಲು ಅವನು ಬಂದ. ಚೀಲ ನೋಡಿದ. ಕೂಗಾಡಲಿಲ್ಲ. ನೇರ ಶೆಡ್ಡಿಗೆ ಬಂದು ದೊಡ್ಡ ಸ್ಪ್ಯಾನರ್ ಎತ್ತಿ ಅಕ್ಕನ ತಲೆಗೆ ಬೀಸಿದ. ಅವಳು ಬಾಗಿದಳು, ಭುಜಕ್ಕೆ ಬಿತ್ತು. ಒಣಕಟ್ಟಿಗೆ ಮುರಿದ ಸದ್ದು. ಅಡ್ಡ ಹೋದ ನನ್ನ ಕತ್ತು ಹಿಡಿದು, ಮಧ್ಯಾಹ್ನ ಮತ್ತೆ ಚಾಲೂ ಮಾಡಿ ಕಾದಿದ್ದ ಕಂಪ್ರೆಸರಿಗೆ ಒತ್ತಿದ. ಕೆನ್ನೆಯ ಚರ್ಮ ಸುಟ್ಟ ವಾಸನೆ ನನಗೇ ಬಂತು.

ಆಮೇಲೆ ಅವನು ಕೆಳಗಿದ್ದ. ಅಕ್ಕ ಒಂದೇ ಕೈಯಲ್ಲಿ ಸೀಸದ ಬೆಲ್ಟ್ ಹಿಡಿದು ನಿಂತಿದ್ದಳು — ಡೈವ್ ಮಾಡುವವರು ಮುಳುಗಲು ಸೊಂಟಕ್ಕೆ ಕಟ್ಟುವಂಥದ್ದು. ನಾಲ್ಕು ಕಿಲೋ.

ಅವನು ಆಸ್ಪತ್ರೆಯಲ್ಲಿದ್ದಾನೆ, ಬಾಗಿಲಲ್ಲಿ ಪೊಲೀಸ್ ಕಾವಲು. ಕೊಲೆ ಯತ್ನದ ಕೇಸು. ವಿಡಿಯೋ ನೋಡಿದ ಇನ್ಸ್‌ಪೆಕ್ಟರು ಕಾರ್ಡನ್ನು ಲಕೋಟೆಗೆ ಹಾಕಿ ಸೀಲು ಮಾಡಿದರು. ಡಾಕ್ಟರು ಬಂದು ಹೇಳಿಕೆ ಕೊಟ್ಟರು. ಅಕ್ಕನ ಭುಜಕ್ಕೆ ಪಟ್ಟಿ, ನನ್ನ ಕೆನ್ನೆಗೆ ಮುಲಾಮು. ಅವನ ಎರಡೂ ಮಂಡಿ ಚೂರು. ಇನ್ನು ಅವನು ನೀರಿಗೂ ಇಲ್ಲ, ನೆಲಕ್ಕೂ ಇಲ್ಲ.

ಒಂದೇ ಏಟು ಎಂದು ಹೇಳಿಕೆ ಬರೆಸಿದೆ. ಅಕ್ಕನೂ ಒಂದೇ ಎಂದಳು. ಮಾತಾಡಿಕೊಂಡಿರಲಿಲ್ಲ. ಒಂದೇ ಏಟಿಗೆ ಎರಡು ಮಂಡಿ ಹೇಗೆ ಎಂದು ಇನ್ಸ್‌ಪೆಕ್ಟರು ಕೇಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು.

ಇಂದು ಬೆಳಿಗ್ಗೆ ಅಕ್ಕನ ತಲೆ ಬಾಚುವಾಗ ಕನ್ನಡಿಯಲ್ಲಿ ನೋಡುತ್ತ ಕೇಳಿದಳು, ‘ಪುಟ್ಟಿ, ನೀನ್ಯಾಕೆ ನನ್ನ ತಡೀಲಿಲ್ಲ?’

‘ಕಣ್ಣು ಕತ್ತಲೆ ಬಂದಿತ್ತು ಅಕ್ಕ. ಏನೂ ಕಾಣ್ಲಿಲ್ಲ.’

ಬಂದಿರಲಿಲ್ಲ. ಎಲ್ಲ ಕಂಡಿತು. ಅವನು ಬಿದ್ದು, ಎರಡೂ ಕೈ ಎತ್ತಿ ಬೇಡ ಎಂದ. ಅಕ್ಕ ನನ್ನ ಮುಖ ನೋಡಿದಳು. ನಾನು ಹೂಂ ಎಂಬಂತೆ ತಲೆಯನ್ನು —