ಎಂಟೂವರೆ ಗಂಟೆ ಎಲ್ಲಿ ಹೋಯಿತು

ಸಕಲೇಶಪುರ
9 ಜುಲೈ 2002

ಶ್ರೀಯುತ ಶ್ರೀನಾಥ್ ಅವರಿಗೆ,

ಕಲ್ಯಾಣಿಯ ನಮಸ್ಕಾರಗಳು. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ನನ್ನೊಬ್ಬಳನ್ನು ಬಿಟ್ಟು. ಬ್ರೆಜಿಲ್‌ನಿಂದ ನೀವು ಬರೆದ ಕಾಗದ ತಲುಪಿತು. ಕಾಫಿ ರುಚಿ ನೋಡುವ ವಿದ್ಯೆ ಕಲಿಯಲು ಕಂಪನಿಯವರು ನಿಮ್ಮನ್ನು ಅಷ್ಟು ದೂರ ಕಳಿಸಿದ್ದು ಹೆಮ್ಮೆಯೇ. ಆದರೆ ಬೆಂಗಳೂರು ಆಫೀಸಿನ ಸ್ನೇಹಾ ಜೊತೆಗೆ ಬರುತ್ತಾರೆಂದು ಹೊರಡುವಾಗ ಹೇಳಿರಲಿಲ್ಲ. ಕಾಗದದಲ್ಲೂ ಕೊನೆಯ ಪುಟದಲ್ಲಿ, ಪಕ್ಕದ ಸೀಟಿನಲ್ಲಿ ಅವರಿದ್ದುದರಿಂದ ಬೇಸರವಾಗಲಿಲ್ಲ ಎಂದು ತೇಲಿಸಿ ಬರೆದಿದ್ದೀರಿ.

ಬೇಸರವಾಗದ ಆ ಪ್ರಯಾಣ ಎಷ್ಟು ಹೊತ್ತಿನದು ಎಂದು ಲೆಕ್ಕ ಹಾಕಿದೆ. ಮುಂಬೈಯಿಂದ ರಾತ್ರಿ ಎರಡಕ್ಕೆ ಹೊರಟು, ಜೊಹಾನ್ಸ್‌ಬರ್ಗ್‌ನಲ್ಲಿ ವಿಮಾನ ಬದಲಿಸಿ, ಅದೇ ದಿನ ಸಂಜೆ ನಾಲ್ಕಕ್ಕೆ ಸಾವೊ ಪಾಲೊದಲ್ಲಿ ಇಳಿದೆ, ಹದಿನಾಲ್ಕೇ ಗಂಟೆ ಎಂದಿದ್ದೀರಿ. ಹೈಸ್ಕೂಲಿನ ವೆಂಕಟೇಶ ಮೇಷ್ಟ್ರಿಗೆ ತೋರಿಸಿದರೆ ಗ್ಲೋಬು ತಿರುಗಿಸಿ ನಕ್ಕರು. "ಹತ್ತತ್ರ ಹದಿನಾಲ್ಕು ಸಾವಿರ ಕಿಲೋಮೀಟರ್ ಐತೆ ಕಣಮ್ಮ. ಅಲ್ಲಿ ಗಡಿಯಾರ ನಮಗಿಂತ ಎಂಟೂವರೆ ಗಂಟೆ ಹಿಂದೆ. ಅದನ್ನೂ ಸೇರಿಸ್ಕೊ" ಅಂದರು. ಸೇರಿಸಿಕೊಂಡೆ. ಇಪ್ಪತ್ತೆರಡೂವರೆ. ತಿಳಿಯದೆ ಬಿಟ್ಟಿರೋ, ತಿಳಿದೇ ಬಿಟ್ಟಿರೋ, ಆ ಎಂಟೂವರೆ ಗಂಟೆ ನನಗೆ ಊಟ ಸೇರಗೊಡುತ್ತಿಲ್ಲ.

ಹೊಟ್ಟೆಕಿಚ್ಚೇ, ಹೌದು. ಮದುವೆಯಾಗಿ ಹನ್ನೆರಡು ವರ್ಷವಾಯಿತು, ನಾವಿಬ್ಬರೂ ಒಂದು ಸೀಟಿನಲ್ಲಿ ಕೂತವರಲ್ಲ. ನಮ್ಮ ಬಸ್ಸುಗಳಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ಮದುವೆಯ ಮರುದಿನ ಯಸಳೂರಿನಿಂದ ಬರುವಾಗ ಕಂಡಕ್ಟರ್ ಬಾಬಾಜಾನ್, "ಹೊಸ ಜೋಡಿ, ಒಟ್ಟಿಗೆ ಕೂತ್ಕೊಳ್ಳಿ ಮಾರಾಯ್ರೆ" ಅಂದರೂ ನೀವು ನಾಚಿಕೊಂಡು ಹಿಂದಕ್ಕೆ ಹೋದಿರಿ. ನನ್ನ ಪಕ್ಕ ಬಾಳೆಗೊನೆ ಹಿಡಿದ ಭೂತಮ್ಮ ಕೂತಳು. ಡ್ರೈವರ್ ಮುಂದಿನ ಕನ್ನಡಿಯಲ್ಲಿ ನಿಮ್ಮನ್ನು ಹುಡುಕಿದೆ. ನಿದ್ದೆ ಹೊಡೆಯುತ್ತಿದ್ದಿರಿ. ಈಗ ನೋಡಿದರೆ ವಿಮಾನದಲ್ಲಿ ಮಾತಾಡುತ್ತಾ ಕೂತು ಕಣ್ಣೇ ಮುಚ್ಚಲಿಲ್ಲವಂತೆ.

ಸ್ನೇಹಾ ಒಂದೇ ಗುಟುಕಿಗೆ ಯಾವ ಸೀಮೆಯ ಕಾಫಿ ಎಂದು ಹೇಳುತ್ತಾರೆಂದು ಹೊಗಳಿದ್ದೀರಿ. ನನ್ನ ಕಾಫಿ ಹೇಗಿದೆ ಎಂದು ಒಂದು ದಿನವೂ ಬಾಯಿಬಿಟ್ಟು ಹೇಳಿಲ್ಲ. ಅಲ್ಲಿ ರುಚಿ ನೋಡಿದ್ದನ್ನೆಲ್ಲ ಉಗುಳಬೇಕಂತಲ್ಲ, ನನ್ನದನ್ನಾದರೂ ನುಂಗುತ್ತೀರಿ. ಸದ್ಯಕ್ಕೆ ಅದೊಂದೇ ಸಮಾಧಾನ.

ಬರುವಾಗಲೂ ಅಷ್ಟೇ ದೂರ ಇದೆ. ಆಗ ದಯವಿಟ್ಟು ನಿದ್ದೆ ಮಾಡಿ.

ನಿಮ್ಮ
ಕಲ್ಯಾಣಿ

ಮತ್ತೆ ನೆನಪಾದದ್ದು: ನೀವು ಬರುವ ದಿನ ಬೆಂಗಳೂರಿಗೆ ನಾನೇ ಬರುತ್ತೇನೆ. ವಾಪಸು ಬರಲು ಮಂಗಳೂರಿನ ಬಸ್ಸಿನಲ್ಲಿ ಮಂಗಳೂರಿನವರೆಗೂ ಜೋಡಿ ಸೀಟು ಹಿಡಿಸಿಕೊಡಿ ಎಂದು ಬಾಬಾಜಾನ್ ಅವರಿಗೆ ಹೇಳಿದ್ದೇನೆ. "ಸಕಲೇಶಪುರ ನಡುವೇನೇ ಸಿಗ್ತೈತಲ್ಲಮ್ಮ, ಮಂಗಳೂರ್ ಗಂಟ ಟಿಕೆಟ್ ಯಾಕೆ?" ಎಂದು ಕೇಳಿದರು. ಅಲ್ಲೊಂದು ಕೆಲಸ ಇದೆ ಎಂದು ಸುಳ್ಳು ಹೇಳಿದೆ. ನಮ್ಮ ಊರು ಬಂತೆಂದು ನೀವು ಸೀಟು ಬಿಟ್ಟು ಏಳಬೇಡಿ.