ಮೆಲ್ಲಗಮ್ಮನ ಸರದಿ

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ

ಮತ್ತೆ ನಾಲ್ಕು ಪಟ್. ಕುಳಿ ಮೂಗಿನ ಮುಂದೆಯೇ ಇತ್ತು. ಚೆಂಡು ಅದರ ಪಕ್ಕದಲ್ಲೇ ಹಾದುಹೋಯಿತು, ಮುಖ ಕೂಡ ನೋಡಲಿಲ್ಲ. ಸಾಲ ಕೊಟ್ಟವನನ್ನು ಕಂಡವನ ಹಾಗೆ... ಹೋಗಿ ಹೋಗಿ ಆ ತುದಿಯಲ್ಲಿ ನಿಂತಿತು. ಈ ವಾರ ಗ್ರೀನ್ “ವೆರಿ ಫಾಸ್ಟ್” ಅಂತೆ. ಹುಲ್ಲೋ ಗಾಜೋ ತಿಳಿಯುವುದಿಲ್ಲ.

ಅಕ್ಕ ಚಹಾ ಇಟ್ಟು ಅಲ್ಲೇ ನಿಂತಳು. ಬಂದು ಎರಡು ವಾರವಾಯಿತು. ನಾನು ಬರೀ ಬ್ರೆಡ್ ತಿಂದು ಬದುಕಿದ್ದೇನೆ ಅಂತ ಯಾರೋ ಚಾಡಿ ಹೇಳಿದರಂತೆ, ಪೆಟ್ಟಿಗೆ ಸಮೇತ ಬಂದಿಳಿದಳು. ಹಾಸ್ಟೆಲ್ ವಾರ್ಡನ್ ಆಗಿದ್ದವಳು. ಈಗ ಈ ಹಾಸ್ಟೆಲಿನಲ್ಲಿ ಒಬ್ಬನೇ ಹುಡುಗ.

“ಈ ವಯಸ್ಸಲ್ಲಿ ಗೋಲಿ ಆಡ್ತಾ ಕೂತಿದ್ದೀಯಲ್ಲೋ.”

“ಗೋಲಿ ಅಲ್ಲ ಅಕ್ಕ, ಗಾಲ್ಫ್. ಆನ್‌ಲೈನ್.”

“ಗುಂಡಿಗೆ ಬೀಳಿಸೋದು ತಾನೇ?”

“ಹೌದು.”

“ಮತ್ತೆ? ಗೋಲೀನೇ.”

ವಿವರಿಸಿದೆ. ದೂರದಿಂದ ಹೊಡೆಯುವುದು ಕಷ್ಟವಲ್ಲ. ಕುಳಿಯ ಹತ್ತಿರ, ಗ್ರೀನ್ ಅನ್ನುವ ನುಣ್ಣನೆಯ ಹುಲ್ಲಿನ ಮೇಲೆ, ಬೆರಳಿನಿಂದ ಚೂರೇ ಚೂರು ಎಳೆದು ಬಿಡಬೇಕು. ಅದು ಪಟ್. ಎಷ್ಟು ಕಡಿಮೆ ಪಟ್‌ನಲ್ಲಿ ಕುಳಿಗೆ ಬಿದ್ದರೆ ಅಷ್ಟು ಒಳ್ಳೆಯದು. ಜಾಸ್ತಿ ಎಳೆದರೆ ಕೆಟ್ಟೆ. ದಿ ಡಿಸ್ಟೆನ್ಸ್ ಈಸ್ ಡೈರೆಕ್ಟ್‌ಲಿ ಪ್ರಪೋರ್ಷನಲ್ ಟು... ಯಾವುದಕ್ಕೋ. ಪಿ.ಯು.ಸಿ.ಯಲ್ಲಿ ಗೊತ್ತಿತ್ತು.

ಮಾರ್ಚ್ 5

ಅಕ್ಕನ ಕಣ್ಣು ತೀಕ್ಷ್ಣ. “ಮೆಲ್ಲಗಮ್ಮ ಅಂದ್ರೆ ಯಾರೋ ಇದರಲ್ಲಿ?”

ಹೇಳಲೇಬೇಕಾಯಿತು. ಇವಳು, ನನ್ನವಳು, ಆಟದಲ್ಲಿ ಇಟ್ಟುಕೊಂಡಿದ್ದ ಹೆಸರು. ಮಂಡಿ ಆಪರೇಷನ್ ಆದಮೇಲೆ ಹೊತ್ತು ಹೋಗಲಿ ಅಂತ ಶುರು ಮಾಡಿದವಳು, ಆನ್‌ಲೈನ್ ಕ್ಲಬ್ಬಿಗೇ ದೊಡ್ಡ ಹೆಸರಾದಳು. ಅದೂ ಪಟ್‌ನಲ್ಲಿ. ಅವಳು ತೀರಿಹೋದ ವಾರ ಅವಳ ಟ್ಯಾಬ್ಲೆಟ್ ಒಂದೇ ಸಮನೆ ಕೂಗುತ್ತಿತ್ತು — ಮೆಲ್ಲಗಮ್ಮ, ನಿಮ್ಮ ಸರದಿ. ಮೆಲ್ಲಗಮ್ಮ, ನಿಮ್ಮ ಸರದಿ. ಬಾಯಿ ಮುಚ್ಚಿಸೋಣ ಅಂತ ಎಲ್ಲೋ ಒತ್ತಿದೆ. ಚೆಂಡು ಹೊರಟೇಬಿಟ್ಟಿತು. ಅಂದಿನಿಂದ ನಾನೇ ಮೆಲ್ಲಗಮ್ಮ. ಕ್ಲಬ್ಬಿನವರಿಗೆ ತಿಳಿಯದು.

“ಅವಳ ಹೆಸರಲ್ಲಿ ಆಡಿ ಅವಳ ಮಾನ ಕಳೀತಿದ್ದೀಯ ಅನ್ನು.”

ಮಾತು ಚುಚ್ಚಿತು. ನಿಜ ಬೇರೆ. ಕ್ಲಬ್ಬಿನ ಕ್ಯಾಪ್ಟನ್ ಒಬ್ಬ ಹಲ್ಲಿನ ಡಾಕ್ಟರಮ್ಮ. ಬಲು ಶಿಸ್ತು. ಸತತ ಎರಡು ವಾರ ಕೊನೆಯ ಸ್ಥಾನಕ್ಕೆ ಬಂದವರ ಹೆಸರು ಕಿತ್ತುಹಾಕುತ್ತಾರೆ. ಹಲ್ಲು ಕಿತ್ತ ಹಾಗೆ. ಹೋದ ವಾರ ಕೊನೆಯವನು ನಾನೇ. ಈ ಭಾನುವಾರವೂ ಹಾಗೇ ಆದರೆ ಮೆಲ್ಲಗಮ್ಮ ಇರುವುದಿಲ್ಲ. ಅಲ್ಲಿಯೂ.

ಮಾರ್ಚ್ 6. ಮಧ್ಯಾಹ್ನ

ಇಷ್ಟು ದಿನ ಹೊಳೆಯಲಿಲ್ಲವಲ್ಲ! ಪಟ್ ಹೊಡೆಯುವ ಮುಂಚೆ ಹುಲ್ಲಿನ ಮೇಲೆ ಸಣ್ಣ ಮಣಿಗಳು ಹರಿದಾಡುತ್ತವೆ. ಇಳಿಜಾರು ಯಾವ ಕಡೆಗೋ ಮಣಿ ಆ ಕಡೆಗೆ. ಅಂದರೆ ನೀರು! ನೀರು ಸರಬರಾಜು ಕಚೇರಿಯಲ್ಲಿ ಜೀವಮಾನವಿಡೀ ಪೈಪಿನ ಇಳಿಜಾರು ನೋಡಿದವನು ನಾನು. ನನಗೇ ಪಾಠವೇ? ಹೆನ್ಸ್ ಪ್ರೂವ್ಡ್.

ಅದೇ ದಿನ. ಸಂಜೆ

ಪ್ರೂವ್ ಆಗಲಿಲ್ಲ. ಐದು ಪಟ್. ನೀರು ಎಲ್ಲಿಗೆ ಹೋಗುತ್ತದೆ ಅಂತ ಹೇಳಬಲ್ಲೆ. ನಿಲ್ಲು ಅಂದರೆ ನಿಲ್ಲಿಸಲಾರೆ. ಕಚೇರಿಯಲ್ಲಿ ಅದಕ್ಕೆ ವಾಲ್ವ್ ಇತ್ತು.

ಮಾರ್ಚ್ 7, ಶುಕ್ರವಾರ

ನಂಬಲಾಗದ್ದು ನಡೆಯಿತು. ಕಠಿಣವಾದ ಪಟ್, ನಲವತ್ತಡಿ, ಎರಡು ಕಡೆ ಇಳಿಜಾರು. ಟ್ಯಾಬ್ಲೆಟ್ ಮೇಜಿನ ಮೇಲಿಟ್ಟು ಕನ್ನಡಕ ಹುಡುಕಲು ಹೋದೆ. ಅಷ್ಟರಲ್ಲಿ ಅಕ್ಕ ಧೂಳು ಒರೆಸುತ್ತಾ ಬಂದವಳು ಅದರ ಮೇಲೂ ಬಟ್ಟೆ ಆಡಿಸಿದಳು. ಚೆಂಡು ಹೊರಟಿತು, ಬಳುಕಿತು, ಯೋಚಿಸಿತು, ಕುಳಿಗೆ ಬಿತ್ತು.

“ಏನೋ ಚಪ್ಪಾಳೆ ಶಬ್ದ ಬಂತಲ್ಲೋ. ಕೆಟ್ಟುಹೋಯ್ತಾ?”

ಕ್ಲಬ್ಬಿನ ಚಾಟ್ ತುಂಬ ಹೊಗಳಿಕೆ. ಮೆಲ್ಲಗಮ್ಮ ಫಾರ್ಮಿಗೆ ಬಂದರು! ಲಾರಿ ಡ್ರೈವರ್ ಒಬ್ಬ ಇದ್ದಾನೆ, ಅವನು ಕಾಲಿಗೇ ಬಿದ್ದ — “ಅಮ್ಮಾ, ಗುಟ್ಟು ಹೇಳಿ. ಈ ಗ್ರೀನಲ್ಲಿ ನನ್ನ ಗಾಡಿಗೆ ಬ್ರೇಕೇ ಹಿಡೀತಿಲ್ಲ.” ಬರೆದೆ: “ವಿತ್ ಡ್ಯೂ ರೆಸ್ಪೆಕ್ಟ್, ಬೆರಳಿಗೆ ಮೆತ್ತನೆ ಬಟ್ಟೆ ಸುತ್ತಿ. ಹೊಡೆಯಬೇಕು ಅನ್ನುವ ಆಸೆ ಬಿಡಿ. ಧೂಳು ಒರೆಸಿದ ಹಾಗೆ.” ಬೇರೇನು ಬರೆಯಲಿ?

ಮಾರ್ಚ್ 8

ಎಲ್ಲರೂ ಬಟ್ಟೆ ಸುತ್ತಿಕೊಂಡಿದ್ದಾರೆ. ಎಲ್ಲರಿಗೂ ಫಲ ಕೊಟ್ಟಿದೆ. ಲಾರಿ ಡ್ರೈವರ್ ಮೂರನೇ ಸ್ಥಾನದಲ್ಲಿದ್ದಾನೆ. ಒಬ್ಬೊಬ್ಬರೇ ನನ್ನನ್ನು ದಾಟಿ ಮೇಲೆ ಹೋದರು. ನಾನು ಬಟ್ಟೆ ಸುತ್ತಿದರೆ ಟ್ಯಾಬ್ಲೆಟ್‌ಗೆ ಬೆರಳೇ ತಿಳಿಯುತ್ತಿಲ್ಲ. ಅಕ್ಕನನ್ನು ಕರೆದು ಒರೆಸು ಅಂದೆ. ಒರೆಸಿದಳು. ಚೆಂಡು ಗ್ರೀನ್ ದಾಟಿ ಪಕ್ಕದ ಕೊಳಕ್ಕೆ ಬಿತ್ತು.

“ಕೇಳಿ ಮಾಡಿಸಿದ್ರೆ ಆಗಲ್ಲ ಕಣೋ. ಮನಸ್ಸಿಟ್ಟು ಧೂಳು ಒರೆಸ್ಬೇಕು.”

ಮಾರ್ಚ್ 9, ಭಾನುವಾರ

ಕೊನೆಯ ಕುಳಿಯವರೆಗೂ ಜೀವ ಇತ್ತು. ಎರಡೇ ಪಟ್‌ನಲ್ಲಿ ಮುಗಿಸಿದ್ದರೆ ಒಬ್ಬನಾದರೂ ನನ್ನ ಕೆಳಗಿರುತ್ತಿದ್ದ. ಮೊದಲನೆಯದು ಕುಳಿಯ ಅಂಚಿಗೇ ಹೋಯಿತು. ಇಣುಕಿತು. ಆಮೇಲೆ ಏನೋ ಮರೆತವರ ಹಾಗೆ ತಿರುಗಿ, ಇಳಿಜಾರಿನಲ್ಲಿ ನಡೆದುಕೊಂಡು, ನಾನಿದ್ದಲ್ಲಿಗೇ ಬಂತು. ಅದನ್ನೂ ದಾಟಿ ಹೋಯಿತು.

ಕೊನೆಯ ಸ್ಥಾನ. ಅಕ್ಕ ಬೈಯುವ ಬದಲು ಇನ್ನೊಂದು ಲೋಟ ಚಹಾ ತಂದಿಟ್ಟಳು. ಅದರಿಂದಲೇ ಹೆಚ್ಚು ನೋವಾಯಿತು.

ಮಾರ್ಚ್ 14

ಟ್ಯಾಬ್ಲೆಟ್ ಕಪಾಟಿನಲ್ಲಿಟ್ಟಿದ್ದೆ, ಇವಳ ಸ್ವೆಟರುಗಳ ಕೆಳಗೆ. ಇವತ್ತು ನೋಡಿದರೆ ಅಕ್ಕನ ತೊಡೆಯ ಮೇಲಿದೆ. “ನಿನಗೆ ಕಾಗದ ಬಂದಿದೆ” ಅಂತ ಗಟ್ಟಿಯಾಗಿ ಓದಿದಳು. ಹಲ್ಲಿನ ಡಾಕ್ಟರಮ್ಮನದು.

“ಅಂಕಲ್, ಮೆಲ್ಲಗಮ್ಮನವರ ಹೆಸರು ತೆಗೆದಿಲ್ಲ, ತೆಗೆಯೋದೂ ಇಲ್ಲ. ಪಟ್ಟಿಯ ಮೇಲುಗಡೆ ಬೇರೆಯಾಗಿ ಇಟ್ಟಿದ್ದೀವಿ. ಅವರಲ್ಲ ಆಡ್ತಿರೋದು ಅಂತ ಮೊದಲ ವಾರವೇ ಗೊತ್ತಾಯ್ತು, ಅವರ ಯಜಮಾನರೇ ಇರಬೇಕು ಅಂದ್ಕೊಂಡ್ವಿ, ಕೇಳೋಕೆ ನಾಲಿಗೆ ಏಳಲಿಲ್ಲ, ಅಮ್ಮಾ ಅಂತಲೇ ಕರೆದ್ವಿ. ಅವರು ಚಾಟ್‌ನಲ್ಲಿ ಚೆಂಡಿಗೆ ಬೈದ ಬೈಗುಳ ಇದೆಯಲ್ಲ, ಲಾರಿ ಡ್ರೈವರೇ ಕಿವಿ ಮುಚ್ಚಿಕೊಳ್ತಿದ್ದ. ನೀವು ವಿತ್ ಡ್ಯೂ ರೆಸ್ಪೆಕ್ಟ್ ಅಂತೀರಿ. ನಿಮ್ಮ ಹೆಸರಲ್ಲೇ ಬನ್ನಿ. ಹೊಸಬರ ಸಾಲಲ್ಲಿ ಒಂದು ಜಾಗ ಇದೆ.”

ಬೈಗುಳವೇ? ಇವಳೇ? ನನ್ನೆದುರು ಜೋರಾಗಿ ಸೀನಿದವಳಲ್ಲ.

“ನಂಗೊತ್ತಿತ್ತು,” ಅಂದಳು ಅಕ್ಕ. “ನಿನಗೆ ಅನ್ನಬೇಕಾಗಿದ್ದೆಲ್ಲ ಪಾಪ ಆ ಚೆಂಡಿಗೆ ಅಂದಿದ್ದಾಳೆ.”

ನಗು ಬಂತು. ಬಂದದ್ದು ನಿಲ್ಲಲಿಲ್ಲ... ಸ್ವಲ್ಪ ಹೊತ್ತಿಗೆ ಅದು ನಗುವೂ ಆಗಿರಲಿಲ್ಲ. ಅಕ್ಕ ಎದ್ದುಹೋಗಿ ಸುಮ್ಮಸುಮ್ಮನೆ ಪಾತ್ರೆ ಸದ್ದು ಮಾಡಿದಳು.

ಮಾರ್ಚ್ 15. ಹತ್ತು ಗಂಟೆ

ಹೊಸ ಖಾತೆ. ಹೆಸರು ಕೇಳಿತು. “ನಾಲ್ಕು ಪಟ್ ನಾಯಕ ಅಂತ ಹಾಕೋ,” ಅಂದಳು ಅಕ್ಕ. ಹಾಕಿದೆ. ಗ್ರೀನ್ ಯಾವುದು ಬೇಕು ಅಂತ ಕೇಳಿತು, ಸ್ಲೋ, ಮೀಡಿಯಂ, ವೆರಿ ಫಾಸ್ಟ್. ಹೊಸಬರಿಗೆ ಸ್ಲೋ ಒಳ್ಳೆಯದಂತೆ. ವೆರಿ ಫಾಸ್ಟ್ ಒತ್ತಿದೆ.

ಎಡಗೈಯಲ್ಲಿ ಪಟ್, ಬಲಗೈಯಲ್ಲಿ ಈ ಡೈರಿಯ ಪೆನ್ನು. ಅಕ್ಕ ಹೆಗಲ ಮೇಲೆ ಬಗ್ಗಿದ್ದಾಳೆ. ಇಳಿಜಾರು. ಮುಟ್ಟಿದೆ.

ಹೊರಟಿತು. ಮೆಲ್ಲಗೇ ಹೋಗುತ್ತಿದೆ... ಕುಳಿ ಎಡಕ್ಕಿದೆ, ಇದು ಬಲಕ್ಕೆ... ಇಲ್ಲ, ತಿರುಗುತ್ತಿದೆ. ಚೆಂಡು ಸರ್, ವಿತ್ ಡ್ಯೂ —

“ಬೈಯೋ!” ಅನ್ನುತ್ತಿದ್ದಾಳೆ ಅಕ್ಕ. “ಬಾಯಿಬಿಟ್ಟು ಬೈಯೋ!”

ಅಂಚಿಗೆ ಬಂತು. ನಿಲ್ಲು. ಎಲ್ಲಿಗೆ ಹೋಗ್ತೀಯೋ, ದರಿದ್ರ ಮುಂಡೇದೇ, ನಿಲ್ಲೋ ಅಂದ್ರೆ —