ಅಮ್ಮ ಹೇಳಿದ ಸಾಕ್ಷಿ

ಹದಿನೈದನೇ ತಾರೀಖು, ಭಾನುವಾರ

ಪ್ರೀತಿಯ ಪುಟ್ಟಿ,

ನೀನೂ ಮನೆಯವರೂ ನಾನಿನ್ನೂ ನೋಡದ ನಿನ್ನ ಮಕ್ಕಳೂ ಚೆನ್ನಾಗಿದ್ದೀರೆಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಗಳಿಗೆ ಉತ್ತರ ಬಾಕಿ ಇದೆ. ಕೇಸು ಮುಗಿಯಲಿ, ಒಟ್ಟಿಗೇ ಬರೆಯೋಣವೆಂದು ಮುಂದೂಡುತ್ತ ಹೋದೆ, ಬೇಸರ ಮಾಡಿಕೊಳ್ಳಬೇಡ. ಈಗ ಮುಗಿದಿದೆ. ಸೋತಿದ್ದೇವೆ. ನೀನು ಪತ್ರಿಕೆಯಲ್ಲಿ ಓದಿರಬಹುದು. ಅದರಲ್ಲಿ ನನ್ನನ್ನು ‘ಅರ್ಜಿದಾರ’ ಎಂದು ಕರೆದಿದ್ದಾರೆ. ಓದುವಾಗ ಆ ಮನುಷ್ಯನ ಬಗ್ಗೆ ನನಗೇ ಸ್ವಲ್ಪ ಕನಿಕರ ಹುಟ್ಟಿತು.

ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ. ನನಗೆ ಪಾರ್ಸಲ್ ಗೋದಾಮಿನಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಇಡೀ ದಿನ ಬಾಯಿ ಮುಚ್ಚಿಕೊಂಡಿದ್ದರೂ ಯಾಕೆಂದು ಕೇಳುವವರಿಲ್ಲ.

ರೈಲು ನಿಲ್ದಾಣದ ನನ್ನ ಕೋಣೆ ನೀನು ನೋಡಿಲ್ಲ; ನೀನು ಹೋದ ಮೇಲೆ ಸಿಕ್ಕಿದ ಕೆಲಸ ಅದು, ಯಾವ ರೈಲು ಎಷ್ಟು ಹೊತ್ತಿಗೆ ಎಂದು ಮೈಕಿನಲ್ಲಿ ಹೇಳುವುದು. ಗಾಜಿನ ಕಿಟಕಿ, ಎರಡು ಕುರ್ಚಿ, ಒಂದು ಮೈಕು. ನಡು ಮಧ್ಯಾಹ್ನ, ನಮ್ಮವರೆಲ್ಲ ಮಾತು ನಿಲ್ಲಿಸಿ ಕೂರುವ ಆ ಸ್ವಲ್ಪ ಹೊತ್ತು, ನಾನು ಮೈಕನ್ನು ಪಕ್ಕದವನ ಕಡೆ ತಿರುಗಿಸುತ್ತಿದ್ದೆ. “ನೀನು ಬಾಯಿ ಬಿಟ್ರೂ ಈ ಸ್ಪೀಕರಲ್ಲಿ ಯಾರಿಗೆ ಅರ್ಥ ಆಗುತ್ತೆ ಮಹಾರಾಯ, ಆರಾಮಾಗಿ ಕೂತ್ಕೋ” ಎನ್ನುತ್ತಿದ್ದ. ವರ್ಷಗಟ್ಟಲೆ ಹಾಗೇ ನಡೆಯಿತು. ಆಮೇಲೆ ಹೊಸ ಅಧಿಕಾರಿ ಬಂದರು. “ನಿಮ್ಮ ದೇವರ ಟೈಮ್‌ಟೇಬಲ್ ಬೇರೆ, ರೈಲಿಂದು ಬೇರೆ. ಎರಡರಲ್ಲಿ ಒಂದು ಆರಿಸ್ಕೊಳ್ಳಿ” ಎಂದರು. ನಾನು ಉತ್ತರ ಕೊಡಲಿಲ್ಲ. ಅವರು ಕೇಳಿದ್ದೇ ಆ ಹೊತ್ತಿನಲ್ಲಿ. ಕೆಲಸ ಹೋಯಿತು.

ನಾನು ದೊಡ್ಡ ಭಕ್ತನೇನಲ್ಲ. ಆಗ ದೇವರನ್ನು ನೆನೆಯುತ್ತಿದ್ದೆನೋ ಊಟದ ಡಬ್ಬಿಯನ್ನೋ, ಹೇಳಲಾರೆ. ಆದರೆ ಇನ್ನೊಬ್ಬರು ಬಂದು ಮಾತಾಡು ಎಂದಾಗ, ಆ ಮೌನ ನನ್ನದು ಎಂದು ಮೊದಲ ಸಲ ಅನ್ನಿಸಿತು. ಅದಕ್ಕೇ ಕೋರ್ಟಿಗೆ ಹೋದೆ.

ನಮಗೆ ಗ್ರಂಥವಿಲ್ಲ, ಹಿರಿಯರ ಮಾತೇ ಪುರಾವೆ. ವಕೀಲರು ಮನೆಗೇ ಬಂದು ಅಮ್ಮನಿಗೆ ಪಾಠ ಹೇಳಿದರು. “ಈ ಮೌನ ಇಲ್ಲದೆ ನಿಮ್ಮ ಧರ್ಮವೇ ಇಲ್ಲ ಅಂತ ಕೋರ್ಟಿಗೆ ಅನ್ನಿಸ್ಬೇಕಮ್ಮಾ. ಬಿಟ್ಟವರ ಗತಿ ಏನು ಅಂತ ಕೇಳ್ತಾರೆ. ಬಿಟ್ಟವರು ನಮ್ಮವರಲ್ಲ ಅಂದುಬಿಡಿ, ಸಾಕು.”

“ಬಿಟ್ಟವರಿಗೆ ದೇವರು ಏನೂ ಮಾಡಲ್ವಲ್ಲಪ್ಪ” ಎಂದಳು ಅಮ್ಮ, ಬೀನ್ಸಿನ ನಾರು ತೆಗೆಯುತ್ತ.

“ದೇವರ ವಿಷಯ ಬಿಡಿ. ನಾನು ಕಾನೂನು ಹೇಳ್ತಿದೀನಿ.”

“ಹಾಗಾದ್ರೆ ನನ್ನನ್ಯಾಕೆ ಕರೀತೀರಿ?”

ವಕೀಲರು ನಕ್ಕರು. ಅಮ್ಮ ನಗಲಿಲ್ಲ. ಪಾತ್ರೆ ತೊಳೆಯುವಾಗಲೂ ವಕೀಲರು ಹೇಳಿಕೊಟ್ಟ ಮಾತನ್ನೇ ಬಾಯಿಪಾಠ ಮಾಡಿಕೊಂಡಳು.

ಸಾಕ್ಷಿಕಟ್ಟೆಯಲ್ಲಿ ಆ ಪ್ರಶ್ನೆ ಬಂತು. ಅಮ್ಮ ಕಟಕಟೆಯ ಕಂಬಿ ಹಿಡಿದುಕೊಂಡಳು, ನನ್ನ ಕಡೆ ನೋಡಲಿಲ್ಲ. “ಬಿಟ್ಟವರೂ ನಮ್ಮವರೇ” ಎಂದಳು.

ಒಂದಾದ ಮೇಲೊಂದು ಕೋರ್ಟು ಆ ಮಾತನ್ನು ಹಿಡಿದುಕೊಂಡೇ ನಮ್ಮನ್ನು ಸೋಲಿಸಿತು. ಈಗ ದೇಶದ ಎಲ್ಲಕ್ಕಿಂತ ಮೇಲಿನ ಕೋರ್ಟು ಅದನ್ನು ತೀರ್ಪಿನೊಳಗೇ ಸೇರಿಸಿದೆ. ಬಿಟ್ಟವರನ್ನು ಹೊರಗೆ ಹಾಕದ ಆಚರಣೆ ಧರ್ಮಕ್ಕೆ ಅತ್ಯಗತ್ಯವೆನ್ನಲಾಗದು, ಆದ್ದರಿಂದ ಅದಕ್ಕೆ ರಕ್ಷಣೆಯಿಲ್ಲ. ಭಾಷೆ ಬಹಳ ಸೌಜನ್ಯದ್ದು. ನಮ್ಮ ಉದಾರತೆಯನ್ನು ಹೊಗಳಿಯೂ ಇದ್ದಾರೆ. ಇನ್ನು ನಮ್ಮವರಲ್ಲಿ ಯಾವ ನರ್ಸು, ಯಾವ ಮೇಷ್ಟ್ರು ಆ ಸ್ವಲ್ಪ ಹೊತ್ತನ್ನು ಕೇಳಿದರೂ ಅಮ್ಮನ ಮಾತನ್ನೇ ತೋರಿಸಿ ಇಲ್ಲ ಎನ್ನುತ್ತಾರೆ. ಪ್ರಾರ್ಥನೆಯ ಕೋಣೆಯಲ್ಲಿ ಬೆಂಚಿನ ಮೇಲೆ ಅಮ್ಮನ ಅಕ್ಕಪಕ್ಕದ ಜಾಗ ಈಗ ಖಾಲಿ. ಯಾರೂ ಏನೂ ಅನ್ನುವುದಿಲ್ಲ. ನಮ್ಮಲ್ಲಿ ಯಾರನ್ನೂ ಹೊರಗೆ ಹಾಕುವುದಿಲ್ಲವಲ್ಲ.

ನಿಮಗೆಲ್ಲ ಒಳ್ಳೆಯದಾಗಲಿ. ಈ ಮಾವ ಇದ್ದಾನೆಂದು ಮಕ್ಕಳಿಗೆ ಹೇಳು. ಅಮ್ಮನ ಆಶೀರ್ವಾದ ನಿನಗೆ ಯಾವತ್ತೂ ಇದೆ.

ನಿನ್ನ
ಅಣ್ಣ

ತಾ.ಕ.: ತೀರ್ಪಿನಲ್ಲಿ ಆ ಒಂದು ಮಾತಷ್ಟೇ ಇದೆ. ಅಮ್ಮ ಇನ್ನೂ ಹೇಳಿದ್ದಳು. “ನನ್ನ ಮಗಳು ಮದುವೆಯಾಗಿ ಇದನ್ನೆಲ್ಲ ಬಿಟ್ಟಳು ಸ್ವಾಮಿ. ಹೊಸ್ತಿಲು ತುಳೀಬೇಡ ಅಂದ್ರು ಅವಳಪ್ಪ. ಅವಳು ನಮ್ಮವಳಲ್ಲ ಅಂತ ನನ್ನ ಬಾಯಲ್ಲಿ ಹೇಗೆ ಬರುತ್ತೆ?” ಅದನ್ನು ಬರೆದುಕೊಳ್ಳುವುದು ಬೇಡವೆಂದರು ನ್ಯಾಯಾಧೀಶರು. ಅಪ್ಪ ಬದುಕಿದ್ದು ಸಾಕ್ಷಿ ಹೇಳಿದ್ದರೆ ನಾವು ಗೆಲ್ಲುತ್ತಿದ್ದೆವು. ಅವರು ಇದ್ದಷ್ಟು ದಿನ, ಹೋದ ಮೇಲೂ, ಮನೆಯೊಳಗೆ ಅಮ್ಮ ಈ ಮಾತು ಆಡಿದವಳಲ್ಲ. ಕೇಸು ಸೋತು ನನ್ನ ಕೆಲಸ ಮರಳಿ ಸಿಗದೆ ಹೋದದ್ದು ಇದರಿಂದಲೇ ಎಂದು ನಿನ್ನ ಮೇಲೆ ನನಗೆ ಕೋಪವಿತ್ತು. ಈಗಲೂ ಸ್ವಲ್ಪ ಇದೆಯೇನೋ. ಇವತ್ತು ಮಧ್ಯಾಹ್ನ ನಾವಿಬ್ಬರೂ ಎಂದಿನಂತೆ ಸುಮ್ಮನೆ ಕೂತಿದ್ದೆವು. ಅಮ್ಮ ಬಾಯಿ ತೆರೆದಳು. ಆ ಹೊತ್ತಿನಲ್ಲಿ ಅವಳ ದನಿ ಕೇಳಿದ್ದು ನಾನು ಹುಟ್ಟಿದ ಮೇಲೆ ಇದೇ ಮೊದಲು. “ಬಾ ಅಂತ ಬರಿ ಅವಳಿಗೆ” ಎಂದಳು.

ಬಾ.